ಅರವತ್ತನಾಲ್ಕು ಮನೆ, ಇಪ್ಪತ್ತು ಅಂಕಿ

ಚದುರಂಗದ ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ನಾಲ್ಕನೆಯದಕ್ಕೆ ಎಂಟು... ಹೀಗೆ ಮನೆಯಿಂದ ಮನೆಗೆ ಇಮ್ಮಡಿ ಮಾಡುತ್ತ ಅರವತ್ತನಾಲ್ಕೂ ಮನೆ ತುಂಬುವಷ್ಟು ಕಾಳು ಕೊಡಿಸಿದರೆ ಸಾಕೆಂದು ಜಾಣನೊಬ್ಬ ರಾಜನನ್ನು ಬೇಡಿದ ಕಥೆ ಕೇಳದವರು ವಿರಳ. ‘ಇಷ್ಟೇ ತಾನೆ?’ ಎಂದು ನಕ್ಕ ರಾಜ, ಕಣಜದ ಅಧಿಕಾರಿಗಳು ಲೆಕ್ಕ ಒಪ್ಪಿಸಿದಾಗ ಬೆವೆತುಹೋದ. ಕಥೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಆದರೆ ಅಧಿಕಾರಿಗಳು ಒಪ್ಪಿಸಿದ ಆ ಸಂಖ್ಯೆಯ ಕಥೆ ಶುರುವಾಗುವುದು ಅಲ್ಲಿಂದಲೇ.

ಆ ಸಂಖ್ಯೆ ಇದು: 1,84,46,74,40,73,70,95,51,615. ಒಟ್ಟು ಇಪ್ಪತ್ತು ಅಂಕಿಗಳು. ಬಾಯಲ್ಲಿ ಹೇಳುವುದಾದರೆ ಸುಮಾರು ಒಂದು ಲಕ್ಷ ಎಂಬತ್ತನಾಲ್ಕು ಸಾವಿರ ಕೋಟಿ ಕೋಟಿ. ‘ಕೋಟಿ’ ಎಂಬ ಮಾತು ಎರಡು ಸಲ ಬಂದಿರುವುದು ಅಚ್ಚಿನ ದೋಷವಲ್ಲ.

ಈ ಕಥೆ ಎಲ್ಲಿ, ಯಾವಾಗ ಹುಟ್ಟಿತೆಂದು ಹೇಳುವುದು ಕಷ್ಟ. ಆದರೆ ಲೆಕ್ಕ ಮಾತ್ರ ಬಹಳ ಹಳೆಯದು. ಸುಮಾರು ಕ್ರಿ.ಶ. 1000ದ ಹೊತ್ತಿಗೆ ಅಲ್ ಬಿರೂನಿ ತನ್ನ ಕಾಲಗಣನೆಯ ಗ್ರಂಥದಲ್ಲಿ ಈ ಮೊತ್ತವನ್ನು ಒಂದು ಅಂಕಿಯೂ ತಪ್ಪದಂತೆ ಬರೆದಿಟ್ಟಿದ್ದಾನೆ. 13ನೇ ಶತಮಾನದ ಅರಬ್ ಲೇಖಕ ಇಬ್ನ್ ಖಲ್ಲಿಕಾನ್ ಹೇಳುವ ರೂಪದಲ್ಲಿ ಜಾಣನ ಹೆಸರು ಸಿಸ್ಸಾ, ರಾಜ ಭಾರತದವನು, ಕಾಳು ಗೋಧಿ. ನಮ್ಮ ಕಡೆ ಅದೇ ಕಥೆ ಅಕ್ಕಿಯ ಕಾಳಾಗಿದೆ. ಕೇರಳದ ಅಂಬಲಪ್ಪುಳದ ಕೃಷ್ಣ ದೇವಾಲಯದ ಹೆಸರಾಂತ ಪಾಲ್‌ಪಾಯಸದ ಹಿಂದೆಯೂ ಇದೇ ಅಕ್ಕಿಯ ಸಾಲದ ಐತಿಹ್ಯವಿದೆ.

ಅರ್ಧ ಹಲಗೆಗೆ ಒಂಬತ್ತು ಲಾರಿ

ಲೆಕ್ಕದ ಮೊದಲ ಗುಟ್ಟು ಬಲು ಸರಳ. ಯಾವುದೇ ಮನೆಯಲ್ಲಿರುವ ಕಾಳು, ಅದರ ಹಿಂದಿನ ಎಲ್ಲ ಮನೆಗಳ ಒಟ್ಟು ಕಾಳಿಗಿಂತ ಸರಿಯಾಗಿ ಒಂದು ಹೆಚ್ಚು. 1 ಮತ್ತು 2 ಕೂಡಿದರೆ 3. ಮುಂದಿನ ಮನೆಯಲ್ಲಿ 4. 1, 2, 4 ಕೂಡಿದರೆ 7, ಮುಂದಿನದರಲ್ಲಿ 8. ಆದ್ದರಿಂದ ಅರವತ್ತನಾಲ್ಕು ಮನೆಗಳ ಮೊತ್ತ ಬೇಕಾದರೆ ಕೂಡುತ್ತ ಕೂರಬೇಕಿಲ್ಲ. ಇಲ್ಲದ ಅರವತ್ತೈದನೇ ಮನೆಯೊಂದನ್ನು ಕಲ್ಪಿಸಿಕೊಂಡು, ಅದರಲ್ಲಿ ಇರಬೇಕಾದ ಕಾಳಿನಿಂದ ಒಂದನ್ನು ಕಳೆದರಾಯಿತು. ಅಂದರೆ 2ರ 64ನೇ ಘಾತದಿಂದ ಒಂದು ಕಳೆಯಬೇಕು. ಎರಡನ್ನು ಅರವತ್ತನಾಲ್ಕು ಸಲ ಬರೆದು ಗುಣಿಸಿದರೆ ಬರುವುದೇ 2ರ 64ನೇ ಘಾತ.

ಇಮ್ಮಡಿಯ ಸ್ವಭಾವ ಅರಿಯಲು ಹಲಗೆಯನ್ನು ಎರಡು ಭಾಗ ಮಾಡಿ ನೋಡಬೇಕು. ಒಂದು ಗ್ರಾಂಗೆ ಸುಮಾರು 50 ಅಕ್ಕಿಕಾಳು ಎಂದು ಹಿಡಿಯೋಣ. ಮೊದಲ 32 ಮನೆಗಳ ಒಟ್ಟು ಕಾಳು 429,49,67,295. ತೂಕದಲ್ಲಿ ಸುಮಾರು 86 ಟನ್. ಹತ್ತು ಟನ್ನಿನ ಒಂಬತ್ತು ಲಾರಿ ಇದ್ದರೆ ಸಾಗಿಸಬಹುದು. ಊರಿನ ಒಬ್ಬ ಅಕ್ಕಿ ಗಿರಣಿಯ ಮಾಲೀಕನೇ ಕೊಟ್ಟಾನು. ರಾಜನಿಗೆ ಇದು ಯಾವ ಲೆಕ್ಕ? ಅರ್ಧ ಹಲಗೆ ಮುಗಿಯುವವರೆಗೆ ರಾಜ ನಗುತ್ತಲೇ ಇದ್ದಿರಬೇಕು.

ಇನ್ನುಳಿದ ಅರ್ಧದ್ದೇ ಪೇಚು. ಹಲಗೆ ಪೂರ್ತಿ ತುಂಬಲು ಬೇಕಾಗುವ ಅಕ್ಕಿ ಸುಮಾರು 36,900 ಕೋಟಿ ಟನ್. ಈಗ ಇಡೀ ಪ್ರಪಂಚ ಒಂದು ವರ್ಷದಲ್ಲಿ ಬೆಳೆಯುವ ಅಕ್ಕಿ 50 ಕೋಟಿ ಟನ್ನಿಗಿಂತ ಸ್ವಲ್ಪ ಹೆಚ್ಚು. ಭೂಮಿಯ ಮೇಲಿನ ಯಾರೂ ಒಂದು ತುತ್ತು ಅನ್ನವನ್ನೂ ಉಣ್ಣದೆ, ಬೆಳೆದದ್ದನ್ನೆಲ್ಲ ಹಲಗೆಗೆ ಸುರಿದರೂ ಸುಮಾರು ಏಳುನೂರು ವರ್ಷ ಹಿಡಿಯುತ್ತದೆ. ಸಾಲದ ಬಡ್ಡಿಯಾಗಲಿ, ಸಾಂಕ್ರಾಮಿಕ ರೋಗವಾಗಲಿ ಇಮ್ಮಡಿಯಾಗಲು ಶುರುವಾದಾಗ ಮೊದಮೊದಲು ಯಾರೂ ಹೆದರುವುದಿಲ್ಲ ಏಕೆಂಬುದಕ್ಕೆ ಈ ಎರಡು ಅರ್ಧಗಳ ಅಂತರವೇ ಉತ್ತರ.

ಆರು ಗುಣಾಕಾರದಲ್ಲಿ ಉತ್ತರ

ಎರಡನ್ನು ಅರವತ್ತನಾಲ್ಕು ಸಲ ಇಟ್ಟು ಗುಣಿಸಲು ಅರವತ್ತಮೂರು ಗುಣಾಕಾರ ಬೇಕೆ? ಬೇಡ, ಆರೇ ಸಾಕು. ಕ್ರಿಸ್ತಪೂರ್ವದಲ್ಲಿ ಛಂದಶ್ಶಾಸ್ತ್ರ ರಚಿಸಿದ ಪಿಂಗಳ, ಲಘು ಗುರುಗಳಿಂದ ಎಷ್ಟು ಬಗೆಯ ಪಾದಗಳನ್ನು ಕಟ್ಟಬಹುದೆಂದು ಎಣಿಸಲು ಒಂದು ಉಪಾಯ ಹೇಳಿದ್ದಾನೆ. ಘಾತವನ್ನು ಅರ್ಧ ಮಾಡುತ್ತ ಇಳಿಯುವುದು, ಆಮೇಲೆ ಅಷ್ಟೇ ಸಲ ವರ್ಗ ಮಾಡುತ್ತ ಏರುವುದು. ಅರ್ಧವಾಗದ ಬೆಸ ಸಂಖ್ಯೆ ಬಂದರೆ ಒಂದು ಕಳೆದು, ಏರುವಾಗ ಒಂದು ಸಲ ಎರಡರಿಂದ ಗುಣಿಸುವುದು.

64ಕ್ಕೆ ಬೆಸದ ಕಾಟವೇ ಇಲ್ಲ. 64, 32, 16, 8, 4, 2, 1 ಎಂದು ಆರು ಮೆಟ್ಟಿಲು ಇಳಿದರೆ ಸರಿ. ಏರುವಾಗ 2ರ ವರ್ಗ 4, ಅದರ ವರ್ಗ 16, ಅದರ ವರ್ಗ 256, ಅದರ ವರ್ಗ 65,536, ಅದರ ವರ್ಗ 429,49,67,296. ಇದನ್ನು ಇನ್ನೊಮ್ಮೆ ವರ್ಗ ಮಾಡಿ ಒಂದು ಕಳೆದರೆ ರಾಜನ ಸಾಲ ಕೈಗೆ ಸಿಗುತ್ತದೆ. ಇಂದಿನ ಕಂಪ್ಯೂಟರುಗಳೂ ದೊಡ್ಡ ಘಾತಗಳನ್ನು ಲೆಕ್ಕ ಹಾಕುವುದು ಹೆಚ್ಚುಕಡಿಮೆ ಇದೇ ಅರ್ಧ ಮತ್ತು ವರ್ಗದ ದಾರಿಯಲ್ಲಿ.

ಇಷ್ಟು ದೊಡ್ಡ ಸಂಖ್ಯೆಯನ್ನು ಕರೆಯಲು ಹೆಸರುಗಳಿದ್ದವೆ? ನಮ್ಮಲ್ಲಿದ್ದವು. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶ, ಶತದಿಂದ ಹಿಡಿದು ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ಅದರಲ್ಲಿ ಇಪ್ಪತ್ತನೆಯದು ಮಹಾಶಂಖ. ಚದುರಂಗದ ಸಂಖ್ಯೆಯ ಮೊದಲ ಅಂಕಿ ಕೂರುವುದು ಅಲ್ಲಿಯೇ. ಆಚೆ ಇನ್ನೂ ನಾಲ್ಕು ಸ್ಥಾನ ಖಾಲಿ ಉಳಿಯುತ್ತದೆ. ಗುಣೋತ್ತರ ಶ್ರೇಢಿಯ ಮೊತ್ತ ಕಂಡುಹಿಡಿಯುವ ಸೂತ್ರವೂ ಅದೇ ಗ್ರಂಥದಲ್ಲಿದೆ.

ಸಂಖ್ಯೆಯ ಜಾತಕ

ಒಂದು ಸಂಖ್ಯೆಯ ಪರಿಚಯ ಮಾಡಿಕೊಳ್ಳುವಾಗ ಗಣಿತಜ್ಞರು ಕೇಳುವ ಮೊದಲ ಪ್ರಶ್ನೆ ಅದು ಎಷ್ಟು ದೊಡ್ಡದು ಎಂಬುದಲ್ಲ. ಅದು ಯಾವ ಯಾವ ಸಂಖ್ಯೆಗಳಿಂದ ಕೂಡಿ ಆಗಿದೆ, ಯಾವ ಗುಂಪಿಗೆ ಸೇರಿದೆ ಎಂಬುದು. ಚದುರಂಗದ ಸಂಖ್ಯೆ ಬೆಸ ಎಂಬುದು ಕಣ್ಣಿಗೇ ಕಾಣುತ್ತದೆ. ಕೊನೆಯ ಅಂಕಿ 5 ಆದ್ದರಿಂದ 5ರಿಂದ ಭಾಗವಾಗುತ್ತದೆ. ಇಪ್ಪತ್ತೂ ಅಂಕಿಗಳನ್ನು ಕೂಡಿದರೆ 87. ಅದು 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ಆದ್ದರಿಂದ ಸಂಖ್ಯೆಯೂ ಹಾಗೆಯೇ. 5ರಲ್ಲಿ ಮುಗಿಯುವ ಪೂರ್ಣವರ್ಗಗಳೆಲ್ಲ 25ರಲ್ಲೇ ಮುಗಿಯುತ್ತವೆ. ಇದು 15ರಲ್ಲಿ ಮುಗಿಯುತ್ತದೆ, ಹಾಗಾಗಿ ಪೂರ್ಣವರ್ಗವಲ್ಲ. ಇವಿಷ್ಟೂ ಐದನೇ ತರಗತಿಯ ಗಣಿತ.

ಎಂಟನೇ ತರಗತಿಗೆ ಬಂದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಒಂದು ವರ್ಗದಿಂದ ಇನ್ನೊಂದು ವರ್ಗ ಕಳೆದರೆ ಬರುವುದು, ಆ ಎರಡು ಸಂಖ್ಯೆಗಳ ವ್ಯತ್ಯಾಸ ಮತ್ತು ಮೊತ್ತಗಳ ಗುಣಲಬ್ಧ ಎಂಬ ಸೂತ್ರ ಎಲ್ಲ ಮಕ್ಕಳಿಗೂ ಬಾಯಿಪಾಠ. 2ರ 64ನೇ ಘಾತವು 2ರ 32ನೇ ಘಾತದ ವರ್ಗ. 1 ಎಂಬುದು 1ರ ವರ್ಗ. ಆದ್ದರಿಂದ ಇಡೀ ಹಲಗೆಯ ಕಾಳು, ಅರ್ಧ ಹಲಗೆಯ ಕಾಳನ್ನು ಅದಕ್ಕಿಂತ ಎರಡು ಹೆಚ್ಚಿನ ಸಂಖ್ಯೆಯಿಂದ ಗುಣಿಸಿದಷ್ಟು. ಅಂದರೆ 4294967295 ಗುಣಿಸು 4294967297.

ಈ ಸೂತ್ರವನ್ನು ಅರ್ಧ ಹಲಗೆಗೆ, ಆಮೇಲೆ ಕಾಲು ಹಲಗೆಗೆ, ಹೀಗೆ ಅನ್ವಯಿಸುತ್ತ ಹೋದರೆ ಈರುಳ್ಳಿಯ ಪದರು ಬಿಚ್ಚಿದಂತೆ ಸಂಖ್ಯೆ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಸಿಗುವುದು ಇದು: 3 × 5 × 17 × 257 × 65537 × 4294967297. ಪ್ರತಿಯೊಂದೂ 2ರ ಒಂದು ಘಾತಕ್ಕೆ ಒಂದು ಕೂಡಿಸಿದ್ದು. ಆ ಘಾತಗಳು 1, 2, 4, 8, 16, 32. ಈ ಆರರಲ್ಲಿ ಮೊದಲ ಐದು ಅವಿಭಾಜ್ಯ ಸಂಖ್ಯೆಗಳು. 1 ಮತ್ತು ತಮ್ಮನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದವು. ಆರನೆಯದು?

ಫರ್ಮಾನ ನಂಬಿಕೆ, ಆಯ್ಲರನ ಪೆಟ್ಟು

ಇದೇ ಪ್ರಶ್ನೆ 1640ರಲ್ಲಿ ಫ್ರಾನ್ಸಿನ ಪಿಯರ್ ದ ಫರ್ಮಾನ ಮುಂದಿತ್ತು. ವೃತ್ತಿಯಿಂದ ನ್ಯಾಯಾಲಯದ ಅಧಿಕಾರಿ, ಹವ್ಯಾಸದಿಂದ ಗಣಿತಜ್ಞ. ಆ ಕಾಲದ ದೊಡ್ಡ ಗಣಿತಜ್ಞರಲ್ಲಿ ಒಬ್ಬ. 3, 5, 17, 257, 65537 ಈ ಐದೂ ಅವಿಭಾಜ್ಯವೆಂದು ಕಂಡ ಅವನು, ಈ ಸಾಲಿನಲ್ಲಿ ಮುಂದೆ ಬರುವವೆಲ್ಲವೂ ಅವಿಭಾಜ್ಯವೇ ಎಂದು ಗೆಳೆಯರಿಗೆ ಪತ್ರ ಬರೆದ. ಸಾಧಿಸಿ ತೋರಿಸಲು ಆಗಿಲ್ಲವೆಂದು ಒಪ್ಪಿಕೊಂಡನಾದರೂ ನಂಬಿಕೆ ಮಾತ್ರ ಗಟ್ಟಿಯಾಗಿತ್ತು. ಇಂದಿಗೂ ಈ ಸಾಲಿಗೆ ಫರ್ಮಾ ಸಂಖ್ಯೆಗಳೆಂದೇ ಹೆಸರು.

ಆರನೇ ಸಂಖ್ಯೆ 4294967297. ಹತ್ತು ಅಂಕಿ. ಇದರ ಭಾಜಕ ಹುಡುಕಲು 65,536ರವರೆಗಿನ ಅವಿಭಾಜ್ಯ ಸಂಖ್ಯೆಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಬೇಕು. ಅಂಥವು ಆರು ಸಾವಿರಕ್ಕೂ ಹೆಚ್ಚಿವೆ. ಅಷ್ಟು ಭಾಗಾಕಾರ ಮಾಡುವ ತಾಳ್ಮೆ ಯಾರಿಗಿದ್ದೀತು? ಫರ್ಮಾನ ಮಾತು ತೊಂಬತ್ತೆರಡು ವರ್ಷ ಹಾಗೆಯೇ ಉಳಿಯಿತು.

1729ರಲ್ಲಿ ಗೋಲ್ಡ್‌ಬಾಕ್ ಎಂಬ ಗಣಿತಜ್ಞ ಈ ವಿಷಯವನ್ನು ಲಿಯೊನಾರ್ಡ್ ಆಯ್ಲರನ ಕಿವಿಗೆ ಹಾಕಿದ. ಆಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಆಯ್ಲರ್ 1732ರಲ್ಲಿ, ತನ್ನ ಇಪ್ಪತ್ತೈದನೇ ವಯಸ್ಸಿನಲ್ಲಿ, ಉತ್ತರ ಮುಂದಿಟ್ಟ. 4294967297 ಎಂದರೆ 641 × 6700417. ಅದು ಅವಿಭಾಜ್ಯವಲ್ಲ. ಫರ್ಮಾನ ನಂಬಿಕೆ ಆರನೇ ಹೆಜ್ಜೆಯಲ್ಲೇ ಮುರಿದುಬಿತ್ತು.

ಆಯ್ಲರ್ ಸಾವಿರಾರು ಭಾಗಾಕಾರ ಮಾಡಬೇಕಾಗಿ ಬರಲಿಲ್ಲ. ಈ ಸಂಖ್ಯೆಗೆ ಅವಿಭಾಜ್ಯ ಭಾಜಕವಿದ್ದರೆ ಅದು 64ರ ಮಗ್ಗಿಗೆ ಒಂದು ಕೂಡಿಸಿದ ಸಂಖ್ಯೆಯೇ ಆಗಿರಬೇಕೆಂಬ ನಿಯಮವಿದೆ. ಮುಂದೆ ಅವನೇ ಅದನ್ನು ಸಾಧಿಸಿದ. 65, 129, 193, 257, 321, 385, 449, 513, 577, 641... ಇವುಗಳಲ್ಲಿ ಅವಿಭಾಜ್ಯವಾದವು 193, 257, 449, 577, 641. ಐದನೇ ಪ್ರಯತ್ನಕ್ಕೇ ಬೀಗ ತೆರೆಯಿತು. ಆರು ಸಾವಿರ ಭಾಗಾಕಾರ ಐದಕ್ಕೆ ಇಳಿಯಿತು. ಗಣಿತದಲ್ಲಿ ತಾಳ್ಮೆಗಿಂತ ಎಲ್ಲಿ ಹುಡುಕಬೇಕೆಂಬ ತಿಳಿವಳಿಕೆ ಹೆಚ್ಚು ಕೆಲಸ ಮಾಡುತ್ತದೆ.

ಭಾಗಾಕಾರವನ್ನೇ ಮಾಡದೆ ಇದನ್ನು ಸಾಧಿಸುವ ಸುಂದರ ದಾರಿಯೂ ಇದೆ. ಹೈಸ್ಕೂಲು ಮಕ್ಕಳು ಪೆನ್ಸಿಲ್ ಹಿಡಿದು ಓದಬೇಕು. 640 ಎಂದರೆ 5 × 128. 641ರಿಂದ ನೋಡಿದರೆ 640 ಒಂದು ಕಡಿಮೆ. ಅಂದರೆ ಶೇಷ −1. ಹಾಗಾದರೆ 640ರ 4ನೇ ಘಾತದ ಶೇಷ +1. 640ರ 4ನೇ ಘಾತ ಎಂದರೆ 625 ಗುಣಿಸು 2ರ 28ನೇ ಘಾತ. ಆದರೆ 625 ಎಂಬುದು 641ಕ್ಕಿಂತ 16 ಕಡಿಮೆ. ಆದ್ದರಿಂದ ಶೇಷದ ಲೆಕ್ಕದಲ್ಲಿ 625ರ ಜಾಗಕ್ಕೆ −16 ಇಡಬಹುದು. 16 ಎಂದರೆ 2ರ 4ನೇ ಘಾತ. ಈಗ ಸಿಗುವುದು ಮೈನಸ್ 2ರ 32ನೇ ಘಾತದ ಶೇಷ 1 ಎಂದು. ಅಂದರೆ 2ರ 32ನೇ ಘಾತಕ್ಕೆ 1 ಕೂಡಿಸಿದರೆ ಶೇಷ ಸೊನ್ನೆ. 641 ಭಾಗಿಸಿಯೇ ತೀರುತ್ತದೆ.

ಹೀಗೆ ಚದುರಂಗದ ಸಂಖ್ಯೆಯ ಪೂರ್ಣ ಜಾತಕ ಸಿದ್ಧವಾಯಿತು: 3 × 5 × 17 × 257 × 641 × 65537 × 6700417. ಏಳು ಅವಿಭಾಜ್ಯ ಸಂಖ್ಯೆಗಳು, ಒಂದೂ ಎರಡು ಸಲ ಬಂದಿಲ್ಲ. ಒಂದೊಂದನ್ನು ಸೇರಿಸುವುದು ಅಥವಾ ಬಿಡುವುದು ಎಂದು ಎಣಿಸಿದರೆ ಈ ಸಂಖ್ಯೆಗೆ ಒಟ್ಟು 128 ಭಾಜಕಗಳು. ಹಲಗೆಯ ಮನೆಗಳ ಸರಿಯಾಗಿ ಎರಡರಷ್ಟು.

ಇದರ ಪಕ್ಕದ ಮನೆಯವನ ಕಥೆಯೂ ಸ್ವಾರಸ್ಯದ್ದೇ. ಚದುರಂಗದ ಸಂಖ್ಯೆಗೆ 2 ಕೂಡಿಸಿದರೆ ಏಳನೇ ಫರ್ಮಾ ಸಂಖ್ಯೆ ಬರುತ್ತದೆ. ಅದೂ ಅವಿಭಾಜ್ಯವಲ್ಲ. 274177 × 67280421310721 ಎಂಬ ಅದರ ಒಡಕನ್ನು 1880ರಲ್ಲಿ ಪ್ರಕಟಿಸಿದವನು ಎಂಬತ್ತು ದಾಟಿದ್ದ ಫ್ರೆಂಚ್ ಮುದುಕ ಫೋರ್ಚುನೆ ಲಾಂಡ್ರಿ.

ಪರಿಪೂರ್ಣವೋ, ನ್ಯೂನವೋ?

ಗ್ರೀಕರ ಕಾಲದಿಂದ ಸಂಖ್ಯೆಗಳನ್ನು ವಿಂಗಡಿಸುವ ಇನ್ನೊಂದು ಬಗೆ ಇದೆ. ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಭಾಜಕಗಳನ್ನೆಲ್ಲ ಕೂಡಬೇಕು. 6ರ ಭಾಜಕಗಳು 1, 2, 3. ಕೂಡಿದರೆ ಸರಿಯಾಗಿ 6. ಇದು ಪರಿಪೂರ್ಣ ಸಂಖ್ಯೆ. 12ಕ್ಕೆ 1, 2, 3, 4, 6 ಕೂಡಿದರೆ 16, ಇದು ಸಮೃದ್ಧ. 15ಕ್ಕೆ 1, 3, 5 ಕೂಡಿದರೆ ಬರೀ 9, ಇದು ನ್ಯೂನ. ಚದುರಂಗದ ಸಂಖ್ಯೆಗೆ ಭಾಜಕಗಳು 128 ಇದ್ದರೂ, ತನ್ನನ್ನು ಬಿಟ್ಟು ಉಳಿದವನ್ನು ಕೂಡಿದರೆ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಮಾತ್ರ ತುಂಬುತ್ತದೆ. ಕಣಜ ಬರಿದು ಮಾಡಿದ ಸಂಖ್ಯೆ ಸ್ವತಃ ನ್ಯೂನ ಸಂಖ್ಯೆ!

ವರ್ಗಗಳ ಲೆಕ್ಕದಲ್ಲಿಯೂ ಇದು ದುಬಾರಿ ಸಂಖ್ಯೆ. ಯಾವುದೇ ಪೂರ್ಣಸಂಖ್ಯೆಯನ್ನು ಹೆಚ್ಚೆಂದರೆ ನಾಲ್ಕು ವರ್ಗಗಳ ಮೊತ್ತವಾಗಿ ಬರೆಯಬಹುದೆಂದು ಲಗ್ರಾಂಜ್ 1770ರಲ್ಲಿ ಸಾಧಿಸಿದ. ಹಲವಕ್ಕೆ ಎರಡೋ ಮೂರೋ ಸಾಕು. ಆದರೆ 8ರಿಂದ ಭಾಗಿಸಿದಾಗ ಶೇಷ 7 ಉಳಿಯುವ ಸಂಖ್ಯೆಗಳಿಗೆ ಮೂರು ಎಂದೂ ಸಾಲದು. 7 ಎಂದರೆ 4 + 1 + 1 + 1. 15 ಎಂದರೆ 9 + 4 + 1 + 1. ಹಲಗೆಯ ಮೂರನೇ ಮನೆಯಿಂದ ಮುಂದಕ್ಕೆ ಬರುವ ಮೊತ್ತಗಳೆಲ್ಲ, 7, 15, 31, 63 ಎಂದು ಕೊನೆಯವರೆಗೂ, ಇದೇ ಗುಂಪಿನವು. ಎಲ್ಲಕ್ಕೂ ನಾಲ್ಕು ವರ್ಗ ಬೇಕೇ ಬೇಕು.

ಸಂಖ್ಯೆಯ ವೇಷ ಬದಲಾಯಿಸಿದರೆ ಮಾತ್ರ ಇದರಷ್ಟು ಸರಳವಾದದ್ದು ಇನ್ನೊಂದಿಲ್ಲ. ಸೊನ್ನೆ ಮತ್ತು ಒಂದು ಎರಡೇ ಅಂಕಿಗಳ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಇದು ಸಾಲಾಗಿ ನಿಂತ ಅರವತ್ತನಾಲ್ಕು ಒಂದುಗಳು, ಹಲಗೆಯ ಮನೆಗೊಂದು. ಕಂಪ್ಯೂಟರು ಬಲ್ಲದ್ದು ಈ ಭಾಷೆಯನ್ನೇ. 64 ಬಿಟ್‌ಗಳ ಜಾಗದಲ್ಲಿ, ಋಣಚಿಹ್ನೆಯ ಗೊಡವೆಯಿಲ್ಲದೆ, ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ರಾಜನ ಸಾಲವೇ. 32 ಬಿಟ್‌ಗಳಲ್ಲಿ ಅರ್ಧ ಹಲಗೆ. ಹಳೆಯ ಅನೇಕ ಕಂಪ್ಯೂಟರು ವ್ಯವಸ್ಥೆಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತ 32 ಬಿಟ್‌ಗಳಲ್ಲಿ ಕಾಲ ಇಡುತ್ತವೆ. ಒಂದು ಬಿಟ್ ಚಿಹ್ನೆಗೆ ಹೋಗುವುದರಿಂದ ಆ ಎಣಿಕೆ 214,74,83,647ಕ್ಕೆ ಮುಗಿಯುತ್ತದೆ. ಅದು 2038ರ ಜನವರಿ 19. ಅಷ್ಟರೊಳಗೆ ಅವುಗಳನ್ನು 64 ಬಿಟ್‌ಗಳಿಗೆ ಬದಲಾಯಿಸಬೇಕಾಗಿದೆ.

ಕಾಶಿಯ ಗೋಪುರ, ಗೌಸನ ಕೈವಾರ

1883ರಲ್ಲಿ ಫ್ರೆಂಚ್ ಗಣಿತಜ್ಞ ಎದ್ವಾರ್ ಲೂಕಾ ‘ಹನೋಯ್ ಗೋಪುರ’ ಎಂಬ ಆಟಿಕೆ ತಂದ. ಮೂರು ಕಂಬ, ಒಂದರಲ್ಲಿ ದೊಡ್ಡದರ ಮೇಲೆ ಚಿಕ್ಕದು ಎಂಬಂತೆ ಬಿಲ್ಲೆಗಳು. ಸಲಕ್ಕೆ ಒಂದೇ ಬಿಲ್ಲೆ ತೆಗೆಯುತ್ತ, ಚಿಕ್ಕದರ ಮೇಲೆ ದೊಡ್ಡದು ಎಂದೂ ಇಡದೆ, ಎಲ್ಲವನ್ನೂ ಇನ್ನೊಂದು ಕಂಬಕ್ಕೆ ಸಾಗಿಸಬೇಕು. ಆಟದ ಜೊತೆ ಒಂದು ಕಟ್ಟುಕಥೆಯೂ ಹಬ್ಬಿತು: ಕಾಶಿಯ ದೇವಾಲಯವೊಂದರಲ್ಲಿ 64 ಚಿನ್ನದ ಬಿಲ್ಲೆಗಳಿವೆ, ಅರ್ಚಕರು ಹಗಲಿರುಳು ಸಾಗಿಸುತ್ತಿದ್ದಾರೆ, ಮುಗಿದ ದಿನ ಪ್ರಳಯ ಎಂದು.

ಮೂರು ಬಿಲ್ಲೆಗೆ 7 ನಡೆ ಬೇಕು, ನಾಲ್ಕಕ್ಕೆ 15. ಒಂದು ಬಿಲ್ಲೆ ಹೆಚ್ಚಿದರೆ ನಡೆಗಳು ಇಮ್ಮಡಿಯಾಗಿ ಮೇಲೊಂದು. ಆದ್ದರಿಂದ 64 ಬಿಲ್ಲೆಗೆ ಬೇಕಾಗುವ ನಡೆಗಳು ಚದುರಂಗದ ಕಾಳುಗಳಷ್ಟೇ. ಸೆಕೆಂಡಿಗೊಂದು ನಡೆಯಾದರೂ ಸುಮಾರು 58,454 ಕೋಟಿ ವರ್ಷ. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ. ಪ್ರಳಯದ ಭಯವಿರುವವರು ನಿಶ್ಚಿಂತೆಯಿಂದಿರಬಹುದು.

ಅರ್ಧ ಹಲಗೆಯ ಸಂಖ್ಯೆಗೆ ಇನ್ನೊಂದು ಹಿರಿಮೆ ಇದೆ. ಅಳತೆ ಗುರುತಿಲ್ಲದ ಪಟ್ಟಿ ಮತ್ತು ಕೈವಾರ ಎರಡರಿಂದಲೇ ಸಮಬಾಹು ತ್ರಿಭುಜ, ನಿಯಮಿತ ಪಂಚಭುಜ ಎಳೆಯುವುದು ಗ್ರೀಕರಿಗೆ ಗೊತ್ತಿತ್ತು. ಎರಡು ಸಾವಿರ ವರ್ಷ ಅದಕ್ಕಿಂತ ಮುಂದೆ ಯಾರೂ ಹೋಗಿರಲಿಲ್ಲ. 1796ರ ಮಾರ್ಚ್ 30ರಂದು, ಹತ್ತೊಂಬತ್ತು ತುಂಬಲು ಇನ್ನೂ ಒಂದು ತಿಂಗಳಿದ್ದಾಗ, ಜರ್ಮನಿಯ ಗೌಸ್ 17 ಬಾಹುಗಳ ನಿಯಮಿತ ಆಕೃತಿಯನ್ನೂ ಹಾಗೆ ಎಳೆಯಬಹುದೆಂದು ಸಾಧಿಸಿದ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ ಅದು ಅವಿಭಾಜ್ಯ ಫರ್ಮಾ ಸಂಖ್ಯೆಯೋ, ಅಥವಾ ಬೇರೆ ಬೇರೆ ಅಂಥ ಸಂಖ್ಯೆಗಳ ಗುಣಲಬ್ಧವೋ ಆಗಿರಬೇಕು. ಬೇರೆ ಯಾವುದೂ ಸಾಧ್ಯವಿಲ್ಲವೆಂಬ ಸಾಧನೆಯನ್ನು 1837ರಲ್ಲಿ ವಾಂಜೆಲ್ ಕೊಟ್ಟ. ಹೀಗಾಗಿ ಗೊತ್ತಿರುವ ಇಂಥ ಬೆಸ ಬಾಹುಗಳ ಆಕೃತಿಗಳು 31. ಅವೆಲ್ಲವೂ ಅರ್ಧ ಹಲಗೆಯ ಸಂಖ್ಯೆಯ, 1 ಬಿಟ್ಟು ಉಳಿದ, ಭಾಜಕಗಳೇ. ಹರ್ಮಸ್ ಎಂಬಾತ 65537 ಬಾಹುಗಳ ಆಕೃತಿಯ ರಚನೆಗೆ ಹತ್ತು ವರ್ಷ ದುಡಿದು 1894ರಲ್ಲಿ ಮುಗಿಸಿದ. ಆ ಕೈಬರಹದ ಕಟ್ಟು ಜರ್ಮನಿಯ ಗಾಟಿಂಗೆನ್‌ನಲ್ಲಿದೆ.

ರಾಮಾನುಜನ್ ಕೇಳಿದ ಪ್ರಶ್ನೆ

ಹಲಗೆಯ ಕಾಳುಗಳನ್ನು ಸುರಿಯದೆ, ನೆಲದ ಮೇಲೆ ಸಾಲಾಗಿ ಜೋಡಿಸಿದರೆ? ಮೊದಲ ಸಾಲಿಗೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಹೀಗೆ ಕಾಳು ಉಳಿಯದೆ, ಕೊರತೆಯೂ ಆಗದೆ ಅಚ್ಚುಕಟ್ಟಾದ ತ್ರಿಕೋನವಾದರೆ ಅದು ತ್ರಿಕೋನ ಸಂಖ್ಯೆ. ಮೊದಲ ಮನೆಯ 1 ಆಗುತ್ತದೆ. ಎರಡು ಮನೆಗಳ 3 ಆಗುತ್ತದೆ. ಮೂರರ 7 ಆಗುವುದಿಲ್ಲ. ನಾಲ್ಕರ 15 ಆಗುತ್ತದೆ, ಐದು ಸಾಲು. ಆಮೇಲೆ ಬಹಳ ಹೊತ್ತು ಯಾವುದೂ ಇಲ್ಲ. ಹನ್ನೆರಡು ಮನೆಗಳ 4,095ಕ್ಕೆ ಬಂದಾಗ ಮತ್ತೆ ಸರಿಯಾಗಿ ತೊಂಬತ್ತು ಸಾಲಿನ ತ್ರಿಕೋನ! ಅರವತ್ತನಾಲ್ಕನೆಯ ಮನೆಯ ಹೊತ್ತಿಗೆ ಇನ್ನೊಮ್ಮೆ ಆಗಬಹುದೆ?

ಒಂದು ಸಂಖ್ಯೆ ತ್ರಿಕೋನವೋ ಅಲ್ಲವೋ ತಿಳಿಯಲು ಅದನ್ನು 8ರಿಂದ ಗುಣಿಸಿ 1 ಕೂಡಬೇಕು. ಪೂರ್ಣವರ್ಗ ಬಂದರೆ ತ್ರಿಕೋನ. 15ಕ್ಕೆ 121, ಅಂದರೆ 11ರ ವರ್ಗ. 4,095ಕ್ಕೆ 32,761, ಅಂದರೆ 181ರ ವರ್ಗ. ಚದುರಂಗದ ಮೊತ್ತಗಳಿಗೆ ಈ ಪರೀಕ್ಷೆ ಮಾಡಿದರೆ ಪ್ರತಿ ಸಲವೂ ಬರುವುದು 2ರ ಒಂದು ಘಾತದಿಂದ 7 ಕಳೆದ ಸಂಖ್ಯೆ.

1913ರಲ್ಲಿ ಶ್ರೀನಿವಾಸ ರಾಮಾನುಜನ್ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಹಾಕಿದ್ದು ಇದನ್ನೇ ಕುರಿತು. 2ರ ಘಾತದಿಂದ 7 ಕಳೆದಾಗ ಪೂರ್ಣವರ್ಗ ಬರುವುದು ಘಾತ 3, 4, 5, 7, 15 ಇದ್ದಾಗ. ಇನ್ನಿತರ ಬೆಲೆಗಳನ್ನು ಹುಡುಕಿ ಎಂಬುದು ಅದರ ಸಾರ. ಉತ್ತರ ಸಿಕ್ಕಿದ್ದು 1948ರಲ್ಲಿ. ನಾರ್ವೆಯ ಟ್ರಿಗ್ವೆ ನಾಗೆಲ್, ಈ ಐದರ ಹೊರತು ಆರನೆಯದು ಇಲ್ಲವೇ ಇಲ್ಲವೆಂದು ಸಾಧಿಸಿದ. ಆದ್ದರಿಂದ ಹಲಗೆಯ ಮೇಲೆ ಹನ್ನೆರಡನೇ ಮನೆಯ ನಂತರ ಯಾವ ಮೊತ್ತವೂ ತ್ರಿಕೋನವಾಗುವುದಿಲ್ಲ. ಅರವತ್ತನಾಲ್ಕಲ್ಲ, ಅರವತ್ತನಾಲ್ಕು ಕೋಟಿ ಮನೆಗಳ ಹಲಗೆ ಮಾಡಿದರೂ ಇಲ್ಲ.

ಫರ್ಮಾನ ಕೈಯಲ್ಲಿದ್ದದ್ದು ಐದು ಉದಾಹರಣೆ. ರಾಮಾನುಜನ್ ಕೈಯಲ್ಲಿದ್ದದ್ದೂ ಐದೇ. ಫರ್ಮಾ ಐದನ್ನು ನೋಡಿ ‘ಎಲ್ಲವೂ ಹೀಗೆಯೇ’ ಎಂದ, ಆರನೆಯದು ಕೈಕೊಟ್ಟಿತು. ರಾಮಾನುಜನ್ ಐದನ್ನು ಮುಂದಿಟ್ಟು ‘ಇನ್ನೂ ಇವೆಯೇ’ ಎಂದು ಕೇಳಿದರು, ಆರನೆಯದು ಇರಲಿಲ್ಲ. ಐದು ಉದಾಹರಣೆಗಳನ್ನಷ್ಟೇ ನೋಡಿ ಯಾವುದು ನಿಜ, ಯಾವುದು ಸುಳ್ಳು ಎಂದು ಹೇಳಬಲ್ಲವರು ಯಾರೂ ಇಲ್ಲ. ಅದನ್ನು ಹೇಳುವುದು ಸಾಧನೆಯೊಂದೇ. ಪರೀಕ್ಷೆಯಲ್ಲಿ ‘ಸಾಧಿಸಿ’ ಎಂಬ ಪ್ರಶ್ನೆ ಕಂಡೊಡನೆ ಮುಖ ಬಾಡಿಸುವ ಮಕ್ಕಳಿಗೆ, ಆ ಪದ ಪಠ್ಯಪುಸ್ತಕದಲ್ಲಿ ಏಕಿದೆ ಎಂದು ವಿವರಿಸಲು ಈ ಎರಡು ಐದುಗಳಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಬೀಗದೊಳಗೆ 65537

ಇದರಿಂದ ನಿತ್ಯಜೀವನಕ್ಕೇನು ಎಂದು ತಂದೆತಾಯಿಗಳು ಕೇಳುವುದು ಸಹಜ. 641 ಮತ್ತು 6700417 ಗುಣಿಸುವುದು ಎರಡು ನಿಮಿಷದ ಕೆಲಸ. ಗುಣಲಬ್ಧವನ್ನು ಕೊಟ್ಟು ಒಡೆಯಿರಿ ಎಂದರೆ ಜಗತ್ತು ತೊಂಬತ್ತೆರಡು ವರ್ಷ ಕಾಯಿತು. ಗುಣಿಸುವುದು ಸುಲಭ, ಒಡೆಯುವುದು ಕಷ್ಟ ಎಂಬ ಈ ಅಸಮತೆಯನ್ನೇ ಬಂಡವಾಳ ಮಾಡಿಕೊಂಡು 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಒಂದು ಗುಪ್ತಲಿಪಿ ಕಟ್ಟಿದರು. ಮಾದರಿಗೆಂದು ಅವರು ಕೊಟ್ಟ 129 ಅಂಕಿಯ ಸಂಖ್ಯೆ ಒಡೆದದ್ದು 1994ರಲ್ಲಿ, ಇಂಟರ್‌ನೆಟ್ ಮೂಲಕ ಕೂಡಿದ ಸುಮಾರು 600 ಸ್ವಯಂಸೇವಕರ ಕಂಪ್ಯೂಟರುಗಳಿಂದ. ಈಗ ಇಂಥ ಬೀಗಗಳಲ್ಲಿ ಸಾಮಾನ್ಯವಾಗಿ ಬಳಸುವ ಸಂಖ್ಯೆಗಳಿಗೆ ಆರುನೂರಕ್ಕೂ ಹೆಚ್ಚು ಅಂಕಿ.

ಆ ಬೀಗ ಹಾಕುವಾಗ ಸಂದೇಶವನ್ನು ಸಂಖ್ಯೆಯಾಗಿಸಿ ಒಂದು ಘಾತಕ್ಕೆ ಏರಿಸಬೇಕು. ಆ ಘಾತವಾಗಿ ಹೆಚ್ಚಾಗಿ ಆರಿಸುವುದು 65537, ಚದುರಂಗದ ಸಂಖ್ಯೆಯ ಭಾಜಕವನ್ನೇ. ದ್ವಿಮಾನದಲ್ಲಿ ಅದು ಎರಡು ತುದಿಗೆ ಒಂದು, ನಡುವೆ ಹದಿನೈದು ಸೊನ್ನೆ. ಪಿಂಗಳನ ದಾರಿಯಲ್ಲಿ ನಡೆದರೆ ಹದಿನಾರು ವರ್ಗ, ಒಂದು ಗುಣಾಕಾರ, ಕೆಲಸ ಮುಗಿಯಿತು.

ಫರ್ಮಾನ ಸಾಲಿನ ಕಥೆ ಇನ್ನೂ ಮುಗಿದಿಲ್ಲ. 65537ರ ನಂತರ ಆ ಸಾಲಿನಲ್ಲಿ ಒಂದೇ ಒಂದು ಅವಿಭಾಜ್ಯ ಸಂಖ್ಯೆಯೂ ಇಂದಿನವರೆಗೆ ಸಿಕ್ಕಿಲ್ಲ. ಮೊದಲಿನ 3ಕ್ಕೆ ಸೊನ್ನೆ ಎಂದು ಕ್ರಮಾಂಕ ಕೊಟ್ಟು ಎಣಿಸಿದರೆ, 5ರಿಂದ 32ರವರೆಗಿನ ಎಲ್ಲವೂ ಒಡೆಯುವಂಥವೇ ಎಂದು ತಿಳಿದಿದೆ. ಅವುಗಳಲ್ಲಿ 20 ಮತ್ತು 24ನೆಯವು ಒಡೆಯುತ್ತವೆಂದು ಗೊತ್ತಿದ್ದರೂ ಅವುಗಳ ಒಂದು ಭಾಜಕವನ್ನೂ ಯಾರೂ ಕಂಡಿಲ್ಲ. 33ನೆಯದು ಯಾವ ಗುಂಪಿಗೆ ಸೇರಿದ್ದೆಂಬುದೇ ಇತ್ಯರ್ಥವಾಗಿಲ್ಲ.

ಅಷ್ಟು ದೂರ ಹೋಗುವ ಮೊದಲು ಮಕ್ಕಳು ಮಾಡಬಹುದಾದ ಒಂದು ಲೆಕ್ಕವಿದೆ. ಭಾನುವಾರ ಮಧ್ಯಾಹ್ನ ಒಂದು ದೊಡ್ಡ ಹಾಳೆ ತೆಗೆದುಕೊಂಡು, ಕ್ಯಾಲ್ಕುಲೇಟರ್ ಮುಟ್ಟದೆ, 4294967296ನ್ನು ಅದರಿಂದಲೇ ಗುಣಿಸಲಿ. ಬೇಕಾದರೆ ತಂದೆತಾಯಿಗಳೂ ಇನ್ನೊಂದು ಹಾಳೆ ಹಿಡಿದು ಕೂರಲಿ. ಉತ್ತರದ ಅಂಕಿಗಳ ಮೊತ್ತ 88 ಬರಬೇಕು. ಒಂದು ಕಳೆದರೆ ಅಲ್ಬಿರೂನಿ ಬರೆದಿಟ್ಟ ಸಂಖ್ಯೆ. ಅಂಕಿಗಳ ಮೊತ್ತ ಬೇರೆ ಬಂದರೆ ಎಲ್ಲೋ ದಶಕ ಬಿಟ್ಟುಹೋಗಿದೆ. ಹುಡುಕಿ ತಿದ್ದಲಿ.